ಸರಾಸರಿ ಉದ್ದ

ನಮ್ಮ ಮೀನುಗಾರಿಕೆ ಕಚೇರಿಯಲ್ಲಿ ಆಕೆಯನ್ನು ಮೀನಕ್ಕ ಎನ್ನದವರಿಲ್ಲ. ಅದು ಬಿರುದೋ ಗೇಲಿಯೋ ಎಂದು ಯೋಚಿಸಲು ಆಕೆಗೆ ಪುರಸೊತ್ತಿರಲಿಲ್ಲ. ಕೂತಲ್ಲಿ ಕೂರುವ ಪೈಕಿಯೇ ಅಲ್ಲ. ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ: ತೊರೆಯ ನೀರು ಇಳಿದಾಗ ತೊಡೆಯುದ್ದದ ರಬ್ಬರ್ ಬೂಟು ಹಾಕಿಕೊಂಡು ಒಂಬತ್ತು ಮಡುಗಳಲ್ಲಿ ಬಲೆ ಎಳೆಯುವುದು, ಸಿಕ್ಕ ಮೀನನ್ನು ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆಯುವುದು, ಮೈಯಿಂದ ಒಂದು ಹುರುಪೆ ಕಿತ್ತು ಲಕೋಟೆಗೆ ಹಾಕಿ ಮೀನನ್ನು ನೀರಿಗೆ ಬಿಡುವುದು. ಲಕೋಟೆಗಳು ಬೀರು ಸೇರುತ್ತಿದ್ದವು, ಅವನ್ನು ಬಿಚ್ಚಿ ನೋಡುವವರು ಯಾರೂ ಇರಲಿಲ್ಲ. ಬೆರಳಿಗಿಂತ ಚಿಕ್ಕ ಮರಿಗಳನ್ನು ಅಳೆಯಬಾರದೆಂದು ನಿಯಮ. ಅವು ಒಂದು ಬಕೆಟ್ಟಿಗೆ, ಅಲ್ಲಿಂದ ಸೀದಾ ತೊರೆಗೆ.

ವರ್ಷದಿಂದ ವರ್ಷಕ್ಕೆ ಮೀನಿನ ಸರಾಸರಿ ಉದ್ದ ಏರುತ್ತಲೇ ಇತ್ತು. ಸಾಹೇಬರು ಹಿರಿಹಿರಿ ಹಿಗ್ಗಿದರು. ಮೇಲ್ಗಡೆಯ ಕಲ್ಲಿದ್ದಲು ಗಣಿಯವರಂತೂ ಆ ಅಂಕಿಯನ್ನು ಗೇಟಿನ ಬೋರ್ಡಿಗೇ ಬರೆಸಿದರು. ಈ ವರ್ಷ ಅವರಿಗೆ ಕಲ್ಲುಮಣ್ಣು ಸುರಿಯಲು ತೊರೆಯ ಪಕ್ಕ ಇನ್ನೊಂದು ಜಾಗಕ್ಕೆ ಅನುಮತಿ ಬೇಕಿತ್ತು. ಸಿಕ್ಕರೆ ಅಲ್ಲಿ ಲಾರಿ ಓಡಿಸುವ ಮೀನಕ್ಕನ ತಮ್ಮನ ಕೆಲಸ ಕಾಯಂ. ಎಲ್ಲಕ್ಕೂ ಮೀನಕ್ಕನ ವರದಿಯೇ ಆಧಾರ.

ವರದಿ ಕೊಟ್ಟ ಮರುದಿನ ಉಗ್ರಾಣ ಗುಡಿಸುವಾಗ ಆಕೆ ಆ ಬಕೆಟ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಒಳಗೆಲ್ಲ ಜೇಡರ ಬಲೆ.

"ಇದನ್ನ ತೊರೆಗೆ ತಗೊಂಡು ಹೋಗಿ ಎಷ್ಟು ವರ್ಷ ಆಯ್ತು?"

"ನಂಗೇನು ಗೊತ್ತು? ಬೇಕಾಗಲ್ಲ ಅಂತ ನೀನೇ ಬಿಟ್ಟಿರ್ತೀಯ."

"ಬೇಕಾಗಲಿಲ್ಲ. ಅದನ್ನೇ ಹೇಳ್ತಿರೋದು. ಹಾಕೋಕೆ ಮರಿಗಳೇ ಇರಲಿಲ್ಲ."

ಆಮೇಲೆ ಆಕೆ ನಿಂತಲ್ಲಿ ನಿಲ್ಲಲಿಲ್ಲ. ಸೊಳ್ಳೆಪರದೆ ಹರಿದು ಬಲೆ ಮಾಡಿಕೊಂಡು ಒಂಬತ್ತೂ ಮಡು ಜಾಲಾಡಿದಳು. ಸಿಕ್ಕಿದ್ದು ಒಂದೇ ಮರಿ. ಅದಕ್ಕೂ ಬೆನ್ನು ಸೊಟ್ಟ, ಕಿವಿರಿಗೆ ಮುಚ್ಚಳವಿಲ್ಲ. ನೀರು ಮಾತ್ರ ಕನ್ನಡಿಯಷ್ಟು ತಿಳಿ. ಗಣಿಯ ಕಲ್ಲುಗುಡ್ಡೆಯಿಂದ ಇಳಿಯುವ ವಿಷ ಕಣ್ಣಿಗೆ ಕಾಣುವಂಥದ್ದಲ್ಲ. ದೊಡ್ಡ ಮೀನಿಗೆ ಏನೂ ಮಾಡದೆ ಅದರ ಮೊಟ್ಟೆಗೆ ಸೇರಿ ಮರಿಗಳನ್ನು ಕೊಲ್ಲುತ್ತದೆ. ಮರಿಗಳಿಲ್ಲದೆ ಬರೀ ವಯಸ್ಸಾದ ಮೀನುಗಳು ಉಳಿದಿದ್ದಕ್ಕೆ ಸರಾಸರಿ ಏರಿತ್ತು. ಅದನ್ನೇ ನಾವು ಮೆರೆಸಿದ್ದೆವು! ಈಗ ನೆನೆದರೂ ಮೈ ಉರಿಯುತ್ತದೆ.

ಮೂರು ದಿನ ಮೇಜಿಗೂ ಕಿಟಕಿಗೂ ಓಡಾಡಿದಳು, ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಸುಮ್ಮನಿದ್ದುಬಿಡು ಎಂದೆ, ಹೇಡಿ ನಾನು. ಸುದ್ದಿ ಕೇಳಿ ಆಕೆಯ ತಮ್ಮ ಕಚೇರಿಗೇ ಬಂದ.

"ಅಕ್ಕಾ, ನೀರು ಚೆನ್ನಾಗಿದೆ, ಮೀನು ದಪ್ಪ ಇದೆ. ಇನ್ನೇನು ನಿಂದು ರಗಳೆ?"

"ಒಂದು ಊರಲ್ಲಿ ಮಕ್ಕಳೇ ಹುಟ್ಟದಿದ್ರೆ, ಅಲ್ಲಿ ಜನರ ಸರಾಸರಿ ಎತ್ತರ ಜಾಸ್ತೀನೇ ಬರುತ್ತೆ ಕಣೋ."

ಅವನು ಮುಖ ತಿರುಗಿಸಿಕೊಂಡು ಹೋದ.

ಅನುಮತಿಯ ಸಭೆಯಲ್ಲಿ ಸಾಹೇಬರು ವರದಿ ಓದುತ್ತಿದ್ದಂತೆಯೇ ಮೀನಕ್ಕ ಎದ್ದು ನಿಂತಳು.

"ಅದು ತಪ್ಪು ಸಾರ್. ಹುರುಪೆ ಮೇಲಿನ ಗೆರೆ ಎಣಿಸಿದ್ರೆ ಮೀನಿನ ವಯಸ್ಸು ಗೊತ್ತಾಗುತ್ತೆ. ಈ ವರ್ಷದ ಲಕೋಟೆ ಎಲ್ಲಾ ಬಿಚ್ಚಿ ಎಣಿಸಿದೀನಿ. ಎಲ್ಲಕ್ಕಿಂತ ಚಿಕ್ಕದಕ್ಕೇ ಆರು ವರ್ಷ."

"ಅಂದ್ರೆ?"

"ಆಮೇಲೆ ಹುಟ್ಟಿದ ಒಂದು ಮರಿಯೂ ದೊಡ್ಡದಾಗಿಲ್ಲ. ಅಷ್ಟೂ ವರ್ಷ ಎಲ್ಲಾ ಚೆನ್ನಾಗಿದೆ ಅಂತ ಸಹಿ ಹಾಕಿದವಳು ನಾನೇ."

ಅನುಮತಿ ಅಲ್ಲಿಗೇ ನಿಂತಿತು. ಹೊರಗೆ ಮೆಟ್ಟಿಲ ಹತ್ತಿರ ತಮ್ಮ ಅಡ್ಡಗಟ್ಟಿದ.

"ನಿನ್ನ ಕೆಲಸ ಹೋಗುತ್ತೆ. ಅದಾದ್ರೂ ಯೋಚನೆ ಮಾಡಿದ್ಯಾ?"

"ಅದಕ್ಕೆ ಒಂದು ನಿಮಿಷ ಸಾಕಾಯ್ತು ಕಣೋ. ಮೂರು ದಿನ ಹಿಡಿದಿದ್ದು ನಿನ್ನ ಕೆಲಸದ ಯೋಚನೆಗೆ."

ಅವನು ಪಕ್ಕಕ್ಕೆ ಸರಿದ. ಆಕೆ ಅವನ ಮುಖ ನೋಡದೆ ಮೆಟ್ಟಿಲಿಳಿದು ಹೋದಳು.