ಮುಂದಿನ ಬ್ರೇಕ್ ಮುಟ್ಟದ ಮನೆ

ಬೀದಿಯವರ ಬಾಯಲ್ಲಿ ಅವಳು ರಕ್ತದಕ್ಕ. ಕ್ಲಿನಿಕ್ಕುಗಳಿಂದ ರಕ್ತದ ಸೀಸೆಗಳನ್ನು ಬೈಕಿನ ಹಿಂದಿನ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಹೆಸರು ಕೇಳಿ ಹೆದರಬೇಡಿ, ದಾರಿಗೆ ಅಡ್ಡ ಬಂದವರನ್ನು ಬಿಟ್ಟರೆ ಉಳಿದೆಲ್ಲರ ಪಾಲಿಗೂ ಅವಳು ಒಳ್ಳೆಯವಳೇ.

ಬೈಕ್ ಕಲಿಸಿದವನು ಅಪ್ಪ. ಮನೆಯ ಮುಂಗೋಣೆಯಲ್ಲೇ ಅವನ ರಿಪೇರಿ ಅಂಗಡಿ. "ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡ ಮಗಳೇ, ಮಗುಚಿ ಬೀಳ್ತೀಯ" ಎನ್ನುವುದೊಂದೇ ಅವನ ಮಂತ್ರ. ಹರೆಯದಲ್ಲಿ ಅವನೇ ಹಾಗೆ ಹ್ಯಾಂಡಲ್ ಮೇಲಿಂದ ಹಾರಿ ಎದುರಿನ ಹಲ್ಲುಗಳನ್ನು ರಸ್ತೆಗೆ ಒಪ್ಪಿಸಿ ಬಂದಿದ್ದ. ಹಾವು ಕಡಿದವನು ಹಗ್ಗ ಕಂಡರೂ ಬೆಚ್ಚಿದನಂತೆ. ಈ ಮಹಾರಾಯ ತನ್ನ ಬೆಚ್ಚುವಿಕೆಯನ್ನು ಮಗಳಿಗೂ ಬಳುವಳಿ ಕೊಟ್ಟಿದ್ದ.

ಒಂದು ಬೆಳಗ್ಗೆ ಗೇಟೊಂದರಿಂದ ವ್ಯಾನು ಹಿಮ್ಮುಖವಾಗಿ ನುಗ್ಗಿತು. ಅವಳು ಹಿಂದಿನ ಬ್ರೇಕನ್ನಷ್ಟೇ ಬಲವಾಗಿ ತುಳಿದಳು. ಹಿಂಚಕ್ರ ಗಕ್ಕನೆ ಹಿಡಿದುಕೊಂಡು ಬೈಕು ಅಡ್ಡಡ್ಡ ಜಾರಿತು. ತಲೆಗೆ ಬಂದದ್ದು ಹೆಲ್ಮೆಟ್ಟಿಗೆ ಹೋಯಿತು, ಮೊಣಕೈ ತರಚಿತು. ಸೀಸೆಗಳು ಮಾತ್ರ ಪುಡಿಪುಡಿ.

"ತುರ್ತು ಬ್ರೇಕಿನ ತರಬೇತಿ ತಗೊಂಡು ಪಾಸಾಗಿ ಬನ್ನಿ. ಇಲ್ಲಾಂದ್ರೆ ಒಳಗೆ ಕೂತು ಮಾಡೋ ಕೆಲಸ" ಎಂದರು ಲ್ಯಾಬಿನ ಮೇಲ್ವಿಚಾರಕರು. ಕುರ್ಚಿ ಅಂದರೆ ಅವಳಿಗೆ ಜೈಲು. ಹೇಗಾದರೂ ಪಾಸಾಗಲೇಬೇಕಿತ್ತು.

ಗೋದಾಮಿನ ಹಿಂದಿನ ಬಯಲಿನಲ್ಲಿ ತರಬೇತಿ. ಕಲಿಸುವಾಕೆಯದು ಕಂಚಿನ ಕಂಠ.

"ಬ್ರೇಕ್ ಹಿಡಿದಾಗ ಭಾರ ಎಲ್ಲ ಮುಂಚಕ್ರಕ್ಕೆ ಬರತ್ತಮ್ಮ, ನಿಲ್ಲಿಸೋ ಶಕ್ತಿ ಅಲ್ಲೇ ಇರೋದು. ಗಬಕ್ಕಂತ ಎಳೀಬೇಡ, ನಿಂಬೆಹಣ್ಣು ಹಿಂಡೋ ಹಾಗೆ ಹಿಂಡ್ತಾ ಹೋಗು. ಹಿಂದಿನದೂ ಜೊತೆಗಿರಲಿ. ಹ್ಯಾಂಡಲ್ ನೆಟ್ಟಗೆ, ಕಣ್ಣು ದೂರಕ್ಕೆ!"

ಜೀವ ಕೈಯಲ್ಲಿ ಹಿಡಿದು ಹಿಂಡಿದಳು. ಬೈಕು ನಿಲ್ಲಬೇಕಿದ್ದ ಸುಣ್ಣದ ಗೆರೆ ದಾಟಿ ಹೋಯಿತು. ಮತ್ತೆ ಹಿಂಡಿದಳು, ಮತ್ತೆ ದಾಟಿತು. ಕಲಿಸುವಾಕೆ ಕುಕ್ಕರುಗಾಲಲ್ಲಿ ಕೂತು ಮುಂಚಕ್ರ ನೋಡಿದಳು.

"ಈ ಕೇಬಲ್ಲನ್ನ ಯಾರೋ ಬೇಕಂತಲೇ ಸಡಿಲ ಮಾಡಿದಾರಲ್ಲಮ್ಮ!"

ಯಾರೆಂದು ಅವಳಿಗೆ ಹೇಳಬೇಕಿರಲಿಲ್ಲ. ಆ ಬೈಕಿಗೆ ಸ್ಪ್ಯಾನರ್ ಹಿಡಿಯುತ್ತಿದ್ದ ಕೈ ಒಂದೇ. ಮೈಯೆಲ್ಲ ಉರಿದುಕೊಂಡು ಮನೆಗೆ ಬಂದಳು.

"ಅಪ್ಪಾ, ನನ್ನ ಸಾಯಿಸ್ಬೇಕು ಅಂತಿದ್ಯಾ?"

"ಉಳಿಸ್ಬೇಕು ಅಂತಲೇ ಕಣೇ ಮಾಡಿದ್ದು" ಎಂದ ಅಪ್ಪ, ತಲೆ ಎತ್ತದೆ.

ಅವಳು ಸ್ಪ್ಯಾನರ್ ಎತ್ತಿ ಅವನ ಕೈಗಿಟ್ಟಳು.

"ನೀನೇ ಬಿಗಿ ಮಾಡು."

ಜೀವಮಾನವೆಲ್ಲ ನಟ್ಟು ತಿರುಗಿಸಿದ ಕೈಗೆ ಅವತ್ತು ಆ ಒಂದು ನಟ್ಟಿಗೆ ಅರ್ಧ ಗಂಟೆ ಹಿಡಿಯಿತು. ಆದರೂ ಬಿಗಿ ಮಾಡಿದ.

ಪರೀಕ್ಷೆಯ ದಿನ ಬೇಡವೆಂದರೂ ಕೇಳದೆ ಅಪ್ಪನೂ ಬಂದು ಹಗ್ಗದಾಚೆ ನಿಂತ. ಅವಳು ವೇಗವಾಗಿ ಬಂದಳು. ಕೆಂಪು ಬಾವುಟ ಬಿತ್ತು. ಹಿಂಡಿದಳು. ಬೈಕಿನ ಮುಂಭಾಗ ಕುಗ್ಗಿತು, ಟೈರು ಕಿರುಗುಟ್ಟಿತು, ಚಕ್ರ ಗೆರೆಯ ಈಚೆಗೇ ನಿಂತಿತು. ಮಗುಚಲಿಲ್ಲ, ಜಾರಲಿಲ್ಲ. ಎಂಥ ಸಂತೋಷವಾಯಿತೆಂದರೆ ಕೂತಲ್ಲೇ ಜೋರಾಗಿ ನಕ್ಕುಬಿಟ್ಟಳು.

ಅಪ್ಪ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ.

"ಕಣ್ಣು ಬಿಡಪ್ಪ, ನಿಂತಾಯ್ತು."

ಮರುದಿನ ಅವಳು ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಅಪ್ಪ ತನ್ನ ಹಳೇ ಮೊಪೆಡ್ಡಿನ ಮುಂದೆ ಕೂತಿದ್ದ. ಹಲ್ಲು ಹೋದಂದೇ ಅದರ ಮುಂದಿನ ಬ್ರೇಕನ್ನು ಕಿತ್ತೆಸೆದಿದ್ದ. ಈಗ ಅಲ್ಲಿಗೆ ಹೊಸ ಕೇಬಲ್ ಪೋಣಿಸುತ್ತಿದ್ದ.

"ಭಾನುವಾರ ಆ ಬಯಲಿಗೆ ನನ್ನೂ ಕರ್ಕೊಂಡು ಹೋಗ್ತೀಯಾ?" ಎಂದ. "ಹಿಂಡೋದು ಹೇಗೆ ಅಂತ ಸ್ವಲ್ಪ ಹೇಳ್ಕೊಡು."