ಅಕ್ಕ ಎಳೆದ ಎರಡು ಗೆರೆ

ಹಸಿ ಸುಣ್ಣದ ವಾಸನೆ ಬಂದರೆ ಮತ್ತೋಡು ಹಳ್ಳಿಯ ನಮ್ಮ ಮನೆಯ ನಡುಗೋಡೆ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ. ಆ ಮನೆ ಈಗಿಲ್ಲ; ಅಲ್ಲಿ ಯಾರೋ ಶೆಡ್ ಹಾಕಿದ್ದಾರೆ. ಉಗಾದಿಗೆ ಅಪ್ಪ ಸುಣ್ಣ ಬಳಿದು ಮುಗಿಸುವುದನ್ನೇ ಕಾದಿದ್ದು, ಗೋಡೆ ಒಣಗಿದ ಮೇಲೆ ಅಕ್ಕ ವರ್ಷವಿಡೀ ಅದರ ಮೇಲೆ ಇದ್ದಿಲಿನಿಂದ ಲೆಕ್ಕ ಬಿಡಿಸುತ್ತಿದ್ದಳು. ಬೆರಳೆಲ್ಲ ಕಪ್ಪು, ಮೂಗಿನ ಮೇಲೂ ಒಂದಿಷ್ಟು. ಮೂಗಿನ ಕಪ್ಪನ್ನು ನಾನು ಆಮೇಲೆ ಸೇರಿಸಿಕೊಂಡೆನೇನೋ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆ ಗೆರೆಗಳನ್ನು ಮಾತ್ರ ನಂಬುತ್ತೇನೆ. xನಿಂದ ಒಂದನ್ನು ಭಾಗಿಸಿ ಇಂಟಿಗ್ರೇಟ್ ಮಾಡಿದರೆ ಉತ್ತರ ಲಾಗ್ x. ಆ xನ ಎರಡೂ ಪಕ್ಕ ಅಕ್ಕ ನೆಟ್ಟಗೆ ಒಂದೊಂದು ಗೆರೆ ಎಳೆಯುತ್ತಿದ್ದಳು. ಗೆರೆಗಳ ನಡುವೆ ಬಂದದ್ದು ಮೈನಸ್ ಆಗಿದ್ದರೂ ಪ್ಲಸ್ ಆಗುತ್ತದೆ.

ಅಕ್ಕ ಪಿಯುಸಿ ಓದುತ್ತಿದ್ದ ಹೊಸದುರ್ಗದ ಕಾಲೇಜಿನ ಲೆಕ್ಚರರ್ ಟೆಸ್ಟ್ ಪೇಪರಿನಲ್ಲಿ ಆ ಗೆರೆಗಳನ್ನು ಕೆಂಪು ಇಂಕಿನಲ್ಲಿ ಹೊಡೆದು ಹಾಕಿ ಅಂಕ ಕಳೆದರು. "x ಮೈನಸ್ ಇದ್ರೆ ಏನ್ ಮಾಡ್ತೀರಿ ಸರ್? ಮೈನಸ್‌ಗೆ ಲಾಗೇ ಇಲ್ವಲ್ಲ" ಎಂದು ಅಕ್ಕ ಕೇಳಿದ್ದಕ್ಕೆ, "ಅಂಥ ಲೆಕ್ಕ ಪರೀಕ್ಷೆಗೆ ಬರಲ್ಲಮ್ಮ, ಸುಮ್ನೆ ಕುಂತ್ಕ" ಎಂದರಂತೆ. ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದಬೇಕಾದರೆ ಫಸ್ಟ್ ಕ್ಲಾಸ್ ಬರಬೇಕೆಂಬುದು ಅಪ್ಪನ ಷರತ್ತು. ಕುರಿಗಳನ್ನು ಹಟ್ಟಿಗೆ ಕೂಡಿ ಬಂದ ಅಪ್ಪ ಗೋಡೆ ನೋಡುತ್ತ, "ಲೇ, ಆ ಎರಡು ಗೂಟ ಕಿತ್ತಾಕಿದ್ರೆ ನಿನ್ ಗಂಟೇನು ಹೋಗ್ತತೆ?" ಎಂದ.

"ಗೂಟ ಕಿತ್ರೆ ನಿನ್ ಕುರಿ ನಿಲ್ತವೇನಪ್ಪ?"

"ಹಂಗಾದ್ರೆ ಕುರೀನೇ ಕಾಯಿ. ದುರ್ಗ ಯಾಕೆ?"

ಅಮ್ಮ ನಕ್ಕಳು. ಅಕ್ಕ ನಗಲಿಲ್ಲ. ಕೊನೆಯ ಪರೀಕ್ಷೆಯಲ್ಲೂ ಗೆರೆ ಎಳೆದೇ ಬಂದಳು. ಫಸ್ಟ್ ಕ್ಲಾಸ್ ಸ್ವಲ್ಪದರಲ್ಲಿ ತಪ್ಪಿತು. ಗೆರೆಗಳಿಂದ ತಪ್ಪಿತೋ, ಬೇರೆ ಪ್ರಶ್ನೆ ಕೈಕೊಟ್ಟಿತೋ, ಇವತ್ತಿಗೂ ಗೊತ್ತಿಲ್ಲ. ಅಪ್ಪ ದುರ್ಗಕ್ಕೆ ಕಳಿಸಲಿಲ್ಲ. ಅಕ್ಕ ಅದೇ ಗೋಡೆಯ ಮುಂದೆ ಕಾಲೇಜಿಗೆ ಹೋಗುವ ಕೇರಿಯ ಮಕ್ಕಳನ್ನು, ನನ್ನನ್ನೂ, ಕೂರಿಸಿಕೊಂಡು ಲೆಕ್ಕ ಹೇಳಿಕೊಡತೊಡಗಿದಳು. ನಾವು ಮೊದಲು ಎರಡು ಗೆರೆ ಎಳೆದು, ಆಮೇಲೆ ನಡುವೆ ತುಂಬುತ್ತಿದ್ದೆವು. xನ ವರ್ಗಕ್ಕೆ ಒಂದು ಕೂಡಿಸಿದ್ದು ಎಂದೂ ಮೈನಸ್ ಆಗದು, ಅದಕ್ಕೂ ಎಳೆಯುತ್ತಿದ್ದೆವು. "ಏ ಕುರಿಗಳಾ, ಅದಕ್ಕೆ ಬೇಡ ಕಣ್ರೋ!" ಎಂದು ಹೊಟ್ಟೆ ಹಿಡಿದು ನಗುತ್ತಿದ್ದಳು.

ಅಪ್ಪ ಹೋದ ಕೆಲವು ವರ್ಷಕ್ಕೆ ಅಕ್ಕನೂ ಕಾಯಿಲೆಯಾಗಿ ಹೋದಳು. ತಿಥಿಯ ದಿನ ನೆಂಟರೆಲ್ಲ ಅಮ್ಮನ ಸುತ್ತ ಕೂತು ಅಕ್ಕನನ್ನು ಸಾಧುವಾಗಿಸುತ್ತಿದ್ದರು. ನಿಮ್ಮ ಮನೆಯಲ್ಲೂ ಯಾರನ್ನಾದರೂ ಹೀಗೆ ನುಣ್ಣಗೆ ಮಾಡಿ ಕಳಿಸಿರಬಹುದು. "ಯಾರ ಮಾತೂ ಮೀರ್ದೋಳಲ್ಲ, ಪಾಪ" ಎಂದಳು ಸೋದರತ್ತೆ.

"ಮೀರ್ತಿದ್ಲು" ಎಂದೆ.

"ಹೋದೋರ ಬಗ್ಗೆ ಹಂಗನ್ನಬಾರ್ದು ಕಣೋ."

"ಹಂಗೇ ಅಂತೀನಿ ಅತ್ತೆ. ಅಪ್ಪನ ಮಾತೂ ಕೇಳ್ಲಿಲ್ಲ, ಮೇಷ್ಟ್ರ ಮಾತೂ ಕೇಳ್ಲಿಲ್ಲ."

ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಅಮ್ಮ ತಲೆ ಎತ್ತಿ, "ಹೂಂ, ಕೇಳ್ತಿರ್ಲಿಲ್ಲ ನನ್ ಮಗಳು" ಎಂದು, ಜೋರಾಗಿ ಅಳತೊಡಗಿದಳು.