ಶೇಂಗಾ ಎಣ್ಣೆಯ ಸೋಪು ಮತ್ತು ಅಪ್ಪನ ನಾಲಿಗೆ

ಅವ್ವನ ಅಂಗೈ ಒಡೆಯಲು ಶುರುವಾದದ್ದು ಯಾವ ವರ್ಷವೆಂದು ಖಚಿತವಾಗಿ ಹೇಳಲಾರೆ. ತೊಂಬತ್ತರ ದಶಕದ ಕೊನೆಯಿರಬೇಕು. ನಾನು ಎಂ.ಎ. ಮುಗಿಸಿ ಚಳ್ಳಕೆರೆಗೆ ಬಂದು, ಕಾಲೇಜೊಂದರಲ್ಲಿ ಅರೆಕಾಲಿಕವಾಗಿ ಇತಿಹಾಸ ಪಾಠ ಮಾಡುತ್ತ, ಒಂದು ಕಡೆ ಕೂರಲಾಗದೆ ಚಡಪಡಿಸುತ್ತಿದ್ದ ಕಾಲ. ಅಕ್ಕ ಅದಕ್ಕೂ ಮೊದಲೇ ಎನ್ನುತ್ತಾಳೆ. ಅವಳ ನೆನಪಿಗೂ ನನ್ನದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಎರಡೂ ಅಷ್ಟಕ್ಕಷ್ಟೆ.

ಸೀಳುಗಳು ಮಾತ್ರ ಚೆನ್ನಾಗಿ ನೆನಪಿವೆ. ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ, ಕೆಲವು ರಕ್ತ ಜಿನುಗುವಷ್ಟು ಆಳ. ಸೋಪಿನ ಪುಡಿಯನ್ನೂ ಬಾರ್ ಸೋಪನ್ನೂ ಮುಟ್ಟಲೇಬೇಡಿ, ಪಾತ್ರೆ ಬೇರೆಯವರು ತೊಳೆಯಲಿ ಎಂದು ವೈದ್ಯರು ಹೇಳಿದರು. ಅಡುಗೆ ಪಾತ್ರೆಗಳಿಗೆ ಹೇಗೂ ಕೆಲಸದವಳು ಬರುತ್ತಿದ್ದಳು. ತೊಡಕಿದ್ದದ್ದು ಪೂಜೆಯ ಪಾತ್ರೆಗಳದ್ದು: ಹಿತ್ತಾಳೆಯ ತಟ್ಟೆ, ತಂಬಿಗೆ, ಜಿಡ್ಡುಗಟ್ಟಿದ ದೀಪ. ನಮ್ಮ ಮನೆಯಲ್ಲಿ ಲಿಂಗಪೂಜೆ ಮಾಡುವವರೇ ತಮ್ಮ ಪಾತ್ರೆಗಳನ್ನು ತೊಳೆದುಕೊಳ್ಳಬೇಕು. ಅಜ್ಜಿ ಹಾಗೆ ಮಾಡುತ್ತಿದ್ದಳು, ಅವ್ವನೂ ಮದುವೆಯಾಗಿ ಬಂದಾಗಿನಿಂದ ಹಾಗೆಯೇ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಸೀಳುಗಳೊಳಗೆ ಉರಿ. ಬೂದಿ ಹಾಕಿದರೆ ಇನ್ನಷ್ಟು ಬಿರುಕು.

"ನಾನೇ ತೊಳೆದುಕೊಡ್ತೀನಿ ಬಿಡವ್ವ," ಅಂದೆ.

"ಪೂಜೆ ಅಂದ್ರೆ ನಗೋನು ಪಾತ್ರೆ ತೊಳೀತೀಯಾ?"

"ಜಿಡ್ಡಿಗೆ ನಂಬಿಕೆ ಗೊತ್ತಾಗಲ್ಲ."

"ನಂಗೆ ಗೊತ್ತಾಗ್ತೈತೆ," ಎಂದಳು ಅವ್ವ.

ಆಮೇಲೆ ಅವಳು ತಗ್ಗಿದ ದನಿಯಲ್ಲಿ ಹೇಳಿದ ಮಾತು ನನ್ನನ್ನು ಕಲಕಿತು. "ಇದೊಂದು ಕೈ ಬಿಟ್ಟೋದ್ರೆ, ಬೆಳಿಗ್ಗೆ ಎದ್ದು ನಂದು ಅಂತ ಮಾಡಾಕೆ ಏನೈತಪ್ಪ?"

ಅಕ್ಕನನ್ನು ಕೊಟ್ಟಿದ್ದು ಮೊಳಕಾಲ್ಮುರಿಗೆ, ರೇಷ್ಮೆ ಸೀರೆಯ ವ್ಯಾಪಾರದ ಮನೆಗೆ. ಅಲ್ಲಿ ಹೆಂಗಸರಿಗಾಗಿ ನಡೆದ ಒಂದು ತರಬೇತಿಯಲ್ಲಿ ಅವಳು ದ್ರವ ಸೋಪು ಮಾಡುವುದನ್ನು ಕಲಿತಿದ್ದಳು. ಮನೆಯಲ್ಲಿ ಮಾಡಿದ ಎಣ್ಣೆ ಸೋಪು ಕೈಗೆ ಮೃದು ಎಂಬುದು ಅವಳ ವಾದ. ನಾನು ನಂಬಲಿಲ್ಲ, ಆದರೂ ಬಸ್ಸು ಹತ್ತಿದೆ. ಕೊಂಡ್ಲಹಳ್ಳಿ ದಾಟುವಾಗ ಪಕ್ಕದಲ್ಲಿ ಕೂತವರು ಯಾಕೆ ಹೊರಟಿದ್ದೀರಿ ಎಂದು ಕೇಳಿದರು. ಸೋಪು ಮಾಡುವುದನ್ನು ಕಲಿಯಲು ಎಂದೆ. ಅವರು ನನ್ನ ಕೈಯಲ್ಲಿದ್ದ ದಪ್ಪ ಇತಿಹಾಸದ ಪುಸ್ತಕವನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು.

ಅಕ್ಕನ ಹಿತ್ತಲಲ್ಲಿ ಪಾಠ ನಡೆಯಿತು. ಬಾರ್ ಸೋಪಿಗೆ ಬಳಸುವ ಕಾಸ್ಟಿಕ್ ಸೋಡಾ ಬೇರೆ, ದ್ರವ ಸೋಪಿಗೆ ಬೇಕಾದ ಕಾಸ್ಟಿಕ್ ಪೊಟ್ಯಾಷ್ ಬೇರೆ. ಪೊಟ್ಯಾಷನ್ನು ನೀರಿಗೆ ಹಾಕಬೇಕೇ ಹೊರತು, ಅದರ ಮೇಲೆ ನೀರು ಸುರಿಯಬಾರದು. ಪಾತ್ರೆ ಸ್ಟೀಲಿನದೇ ಆಗಬೇಕು. ಕೈಗೆ ರಬ್ಬರಿನ ಗವಸು. ಪೊಟ್ಯಾಷ್ ಬಿದ್ದ ನೀರು ತಾನಾಗಿಯೇ ಕುದಿಯುವಷ್ಟು ಕಾದಾಗ ನಾನು ಹಿಂದೆ ಸರಿದೆ.

"ಹೆದರ್ಕೊಂಡೇನೋ?" ಎಂದಳು ಅಕ್ಕ.

"ಗಮನಿಸ್ತಿದ್ದೀನಿ."

"ದೂರ ನಿಂತು ಗಮನಿಸಾದ್ನ ಯೂನಿವರ್ಸಿಟೀಲಿ ಚೆನ್ನಾಗಿ ಕಲಿಸ್ಯಾರೆ."

ಆ ನೀರನ್ನು ಬೆಚ್ಚಗಿನ ಶೇಂಗಾ ಎಣ್ಣೆಗೆ ನಿಧಾನವಾಗಿ ಸುರಿದು, ಹಳೆಯ ಕಡಗೋಲಿನಿಂದ ಕಡೆದಳು. ಎಣ್ಣೆ ಮಜ್ಜಿಗೆಯಂತೆ ಬಿಳುಪಾಯಿತು, ಗಟ್ಟಿಯಾಯಿತು, ಕಡಗೋಲು ತಿರುಗದಾಯಿತು. ಆ ಪಾತ್ರೆಯನ್ನು ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗಿಟ್ಟು ಬೇಯಿಸಿದಾಗ, ಮುದ್ದೆಯಂತಿದ್ದದ್ದು ಬರಬರುತ್ತ ವ್ಯಾಸಲೀನಿನ ಹಾಗೆ ಅರೆಪಾರದರ್ಶಕವಾಯಿತು. ಕೊನೆಯಲ್ಲಿ ಅಕ್ಕ ಒಂದು ಚೂರನ್ನು ನೀರಿನಲ್ಲಿ ಕರಗಿಸಿ ನಾಲಿಗೆಯ ತುದಿಗೆ ಸೋಕಿಸಿ ಉಗುಳಿದಳು. ಚುರ್ ಎಂದರೆ ಪೊಟ್ಯಾಷ್ ಉಳಿದಿದೆ ಎಂದರ್ಥ, ಬರೀ ಸೋಪಿನ ರುಚಿ ಬಂದರೆ ಆಯಿತು. ಉಳಿದ ಮುದ್ದೆಗೆ ಬಿಸಿನೀರು ಬೆರೆಸಿಟ್ಟರೆ ಮಾರನೆಯ ದಿನಕ್ಕೆ ಸೋಪು ಸಿದ್ಧ.

ಎರಡು ಕೇಜಿ ಎಣ್ಣೆಗೆಂದು ಅಕ್ಕ ತೂಗಿ ಕೊಟ್ಟ ಪೊಟ್ಯಾಷಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬಂದೆ. ಅಕ್ಕ ತನ್ನ ಸೋಪನ್ನೂ ಒಂದು ಬಾಟಲಿ ಕೊಟ್ಟಳೇ? ಕೊಟ್ಟೆ ಎನ್ನುತ್ತಾಳೆ. ನನಗೆ ಆ ಬಾಟಲಿಯ ನೆನಪೇ ಇಲ್ಲ.

ಅಪ್ಪನದು ಎಣ್ಣೆ ವ್ಯಾಪಾರ. ಹಿತ್ತಲಲ್ಲಿ ಒಲೆ ಹೂಡಿದ್ದನ್ನು ನೋಡಿ ಬಂದರು.

"ಲೇ, ಹೊಸ ಎಣ್ಣೆ ಒಗ್ಗರಣೆಗೆ ಹಾಕ್ತಾರೆ, ಪಾತ್ರೆ ತೊಳ್ಯಾಕೆ ಹಾಕ್ತಾರೇನೋ?"

"ಅವ್ವನ ಕೈಗೆ."

ಅಪ್ಪ ತಾವೇ ಎಣ್ಣೆಯ ಡಬ್ಬದ ಮುಚ್ಚಳ ತೆಗೆದು, ಅಂಗಡಿಯಿಂದ ತಂದ ಲೀಟರಿನ ಅಳತೆಯಲ್ಲಿ ಎಣ್ಣೆ ಅಳೆದು ಕೊಟ್ಟರು. "ತಗೋ, ಒಂದು ಕೇಜಿ, ಎರಡು ಕೇಜಿ." ನಮ್ಮ ಮನೆಯಲ್ಲಿ ಎಣ್ಣೆಯನ್ನು ಸುರಿಯುತ್ತಿದ್ದದ್ದು ಲೀಟರಿನಲ್ಲಿ, ಕರೆಯುತ್ತಿದ್ದದ್ದು ಕೇಜಿ ಎಂದು. ಹುಟ್ಟಿದಾಗಿನಿಂದ ಕೇಳಿದ ಮಾತು ಅದು, ಅದರಲ್ಲಿ ಅನುಮಾನಪಡಲು ಏನಿದೆ ಎಂದು ಯಾರಿಗೂ ತೋಚಲಿಲ್ಲ.

ಕಡೆದೆ, ಬೇಯಿಸಿದೆ. ನಾಲಿಗೆಯ ಪರೀಕ್ಷೆ ಬಂದಾಗ ಅಪ್ಪ ಕೈಚಾಚಿದರು. ಎಣ್ಣೆ ಕಮಟಾಗಿದೆಯೇ ಇಲ್ಲವೇ ಎಂಬುದನ್ನು ಒಂದು ಹನಿಯಲ್ಲೇ ಹೇಳುವ ನಾಲಿಗೆ ಅವರದು. ಪೇಟೆಯಲ್ಲಿ ಅದಕ್ಕೆ ಬೆಲೆಯಿತ್ತು. ನಾನೇ ಅವರನ್ನು ಕೇಳಿದೆನೋ, ಅವರೇ ಮುಂದೆ ಬಂದರೋ, ಈಗ ತಿಳಿಯದು. ಎಲೆಅಡಿಕೆಯನ್ನು ಉಗುಳಿ, ಬಾಯಿ ಮುಕ್ಕಳಿಸಿ, ಗಂಭೀರವಾಗಿ ನಾಲಿಗೆಗೆ ಸೋಕಿಸಿದರು.

"ಸಪ್ಪಗೈತೆ. ಏನೂ ಇಲ್ಲ."

ನೀರು ಬೆರೆಸಿದ ಸೋಪು ಮಾರನೆಯ ದಿನ ಜೇನಿನ ಬಣ್ಣಕ್ಕೆ ತಿರುಗಿ, ಬಾಟಲಿಯ ಆಚೆಗಿನ ಅಕ್ಷರ ಓದುವಷ್ಟು ತಿಳಿಯಾಗಿತ್ತು. ಅಕ್ಕ ಮಾಡಿದ್ದಕ್ಕಿಂತ ತಿಳಿ. ಅವ್ವ ಹಿತ್ತಲ ಕಲ್ಲಿನ ಮೇಲೆ ಕೂತು ದೀಪ ತೊಳೆದಳು. ಹೇಗಿದೆ ಎಂದು ಕೇಳಿದೆ. "ಚೆನ್ನಾಗೈತೆ, ಜಿಡ್ಡು ಬಿಡ್ತು," ಎಂದಳು.

ಕೆಲವು ದಿನಗಳಲ್ಲಿ ಅವಳ ಅಂಗೈ ಇನ್ನಷ್ಟು ಕೆಂಪಾದದ್ದು ನನ್ನ ಕಣ್ಣಿಗೆ ಬಿತ್ತು. ಕೇಳಿದರೆ ಚಳಿಗಾಲ ಎಂದಳು. ರೊಟ್ಟಿ ತಟ್ಟುವಾಗ ಬೆರಳು ಮಡಿಸಲಾರದೆ ನಿಲ್ಲುತ್ತಿದ್ದಳು. ಈ ಸೋಪೂ ಆಗದಿದ್ದರೆ ಪೂಜೆಯ ಪಾತ್ರೆಗಳನ್ನು ಅವಳು ಬಿಟ್ಟುಕೊಡಲೇಬೇಕು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಇಬ್ಬರೂ ಚಳಿಗಾಲವನ್ನು ಒಪ್ಪಿಕೊಂಡೆವು.

ಆ ವಾರವೋ ಮುಂದಿನ ವಾರವೋ ಅಕ್ಕ ಬಂದಳು. ಬಾಟಲಿ ನೋಡಿದೊಡನೆ ಹುಬ್ಬು ಗಂಟಿಕ್ಕಿದಳು. ಒಂದು ಹನಿಯನ್ನು ನೀರಿಗೆ ಹಾಕಿ ನಾಲಿಗೆಗೆ ಸೋಕಿಸಿ, ಓಡಿಹೋಗಿ ಬಾಯಿ ತೊಳೆದು ಬಂದಳು.

"ಚುರ್ ಅಂತೈತಲ್ಲೋ! ರುಚಿ ನೋಡಿದ್ದು ಯಾರು?"

"ಅಪ್ಪ."

"ಅಪ್ಪಾನಾ? ದಿನಾ ಸುಣ್ಣ ತಿನ್ನೋ ನಾಲಿಗೆಗೆ ಚುರ್ ಎಲ್ಲಿಂದ ಬರ್ಬೇಕು?"

ಪಡಸಾಲೆಯಿಂದ ಅಪ್ಪನ ದನಿ ಬಂತು. "ಎಣ್ಣೆ ನೋಡೋ ನಾಲಿಗೆ ಕಣಮ್ಮ ಇದು, ಸೋಪು ನೋಡೋದಲ್ಲ."

ಅಕ್ಕ ಎಣ್ಣೆ ಎಷ್ಟು ಹಾಕಿದಿರೆಂದು ಕೇಳಿದಳು. ಅಳತೆ ತೋರಿಸಿದೆ. ಅವಳೂ ಒಂದು ಕ್ಷಣ "ಸರಿ, ಎರಡು ಕೇಜಿ" ಎಂದೇ ಅಂದಳು. ಅವಳೂ ಇದೇ ಮನೆಯಲ್ಲಿ ಹುಟ್ಟಿದವಳು. ಆಮೇಲೆ ಏನೋ ಹೊಳೆದು, ಅಂಗಡಿಯ ತಕ್ಕಡಿ ತರಿಸಿ ಒಂದು ಅಳತೆ ಎಣ್ಣೆಯನ್ನು ತೂಗಿಸಿದಳು. ನೀರಿಗಿಂತ ಎಣ್ಣೆ ಹಗುರ. ಲೀಟರು ಕೇಜಿಗೆ ಮುಟ್ಟಲಿಲ್ಲ. ಕಡಿಮೆಯಾದ ಎಣ್ಣೆಯ ಪಾಲಿನ ಪೊಟ್ಯಾಷ್ ಹಾಗೆಯೇ ಉಳಿದು ಅವ್ವನ ಸೀಳುಗಳಿಗೆ ಇಳಿದಿತ್ತು. ಸೋಪು ಅಷ್ಟು ತಿಳಿಯಾಗಿದ್ದದ್ದೂ ಎಣ್ಣೆ ಸಾಲದೆ ಹೋದದ್ದಕ್ಕೇ.

"ಉರೀತಿದ್ರೆ ಹೇಳಾಕೆ ಏನಾಗಿತ್ತವ್ವ?" ಅಂದೆ.

"ಹೇಳಿದ್ರೆ ಇದನ್ನೂ ಮುಟ್ಟಬೇಡ ಅಂತಿದ್ರಿ."

ಸೋಪನ್ನೆಲ್ಲ ಮತ್ತೆ ಪಾತ್ರೆಗೆ ಸುರಿದೆವು. ಕೊರತೆ ಬಿದ್ದ ಎಣ್ಣೆಯ ಜೊತೆಗೆ ಇನ್ನಷ್ಟು ಸೇರಿಸಿ, ಬಹಳ ಹೊತ್ತು ಬೇಯಿಸಿದೆವು. ಅಕ್ಕ ಕಡೆದಳು, ಅವಳಿಗೆ ಸಾಕಾದಾಗ ನಾನು ಕಡೆದೆ. ಅಪ್ಪ ಎಲೆಅಡಿಕೆ ಹಾಕಿಕೊಂಡು ಸಲಹೆ ಕೊಡುತ್ತ ಕೂತರು. ಈ ಸಲ ನಾಲಿಗೆಗೆ ಸೋಕಿಸಿದವರು ಅಕ್ಕ ಮತ್ತು ನಾನು. ಚುರ್ ಎನ್ನಲಿಲ್ಲ, ಬರೀ ಸೋಪಿನ ಕೆಟ್ಟ ರುಚಿ. ಸೋಪು ತಿಳಿಯಾಗದೆ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿಯೇ ಉಳಿಯಿತು. ನನಗೆ ಆ ಮಬ್ಬು ಹಿಡಿಸಿತು.

ಕೈ ಗುಣವಾಗುವವರೆಗೆ ಪಾತ್ರೆ ಮುಟ್ಟಬೇಡವೆಂದು ಅಕ್ಕ ಅವ್ವನನ್ನು ಒಪ್ಪಿಸಿದಳು. ಆ ದಿನಗಳಲ್ಲಿ ಪೂಜೆಯ ಪಾತ್ರೆಗಳನ್ನು ಯಾರು ತೊಳೆದರೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ನಾನೇ ಎಂದು ಅಕ್ಕ ಹೇಳುತ್ತಾಳೆ. ಇರಬಹುದು.

ಅವ್ವ ಮತ್ತೆ ಕಲ್ಲಿನ ಮೇಲೆ ಕೂತ ಬೆಳಿಗ್ಗೆ ಮಾತ್ರ ಮಸುಕಾಗಿಲ್ಲ. ಸೀಳುಗಳು ಕೂಡಿಕೊಂಡಿದ್ದವು, ಗೆರೆಗಳಷ್ಟೇ ಉಳಿದಿದ್ದವು. ಮೊದಲು ಒಂದೇ ಬೆರಳಿಗೆ ಸೋಪು ಹಚ್ಚಿಕೊಂಡು ಕಾದಳು. ಆಮೇಲೆ ಅಂಗೈ ತುಂಬ ಸುರಿದುಕೊಂಡು ದೀಪ ಹಿಡಿದಳು. ನೊರೆ ಹೆಚ್ಚು ಬರಲಿಲ್ಲ. ತಟ್ಟೆ, ತಂಬಿಗೆ ಮುಗಿಸಿ ಮತ್ತೆ ದೀಪವನ್ನೇ ಎತ್ತಿಕೊಂಡಳು.

"ಎಷ್ಟೊತ್ತು ತಿಕ್ತೀಯೇ? ರೊಟ್ಟಿ ಆರ್ತೈತೆ," ಎಂದರು ಅಪ್ಪ ಬಾಗಿಲಲ್ಲಿ ನಿಂತು.

"ಆರ್ಲಿ ಬಿಡ್ರಿ," ಎಂದಳು ಅವ್ವ, ತಲೆ ಎತ್ತದೆ. "ಪೂಜೆ ಆಗ್ದೆ ನಾನೇನು ಉಣ್ತೀನಾ? ನೀವು ಉಣ್ಣೋಗ್ರಿ."